ಮನೆಯೇ ಸಾಕು ಎನ್ನುವ ಮಾತು ಸಾಕು

ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಬಂದು ಸೇರುವುದಕ್ಕೆ ಊರಿನಲ್ಲೇ ಒಂದು ಜಾಗ ಬೇಕು. ಕೂರಲು, ಆಡಲು, ಓದಲು, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಒಂದು ಜಾಗ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯಾವ ಊರಲ್ಲಾದರೂ ಈ ಮಾತು ಎತ್ತಿ ನೋಡಿ, ಮೊದಲು ಬರುವ ಉತ್ತರ ಒಂದೇ: ‘ಅದೆಲ್ಲ ಎಂತಕ್ಕೆ ಮಾರಾಯ್ರೆ? ಅವಕ್ಕೆ ಮನೆ ಇಲ್ವಾ?’ ನಾಲ್ಕು ಅಕ್ಷರ ಕಲಿತವರಾದರೆ ಇನ್ನೊಂದು ಮಾತು ಸೇರಿಸುತ್ತಾರೆ: ‘ಅಂಥದ್ದೆಲ್ಲ ಆಫ್ರಿಕಾದ ಹಳ್ಳಿಗಳಿಗೆ ಸರಿ. ನಮ್ಮ ಹುಡುಗಿಯರು ಓದಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ.’

ಈ ಎರಡು ಮಾತೂ ತಪ್ಪು. ಕೆಟ್ಟ ಮನಸ್ಸಿನಿಂದ ಬಂದ ಮಾತುಗಳಲ್ಲ, ನಿಜ. ಮಗಳ ಮೇಲಿನ ಅಕ್ಕರೆಯಿಂದಲೇ ಬಹಳ ಜನ ಹೀಗೆ ಹೇಳುತ್ತಾರೆ. ಆದರೆ ಆ ಅಕ್ಕರೆಯಿಂದ ಆಗಿರುವುದೇನು? ಊರನ್ನು ಗಂಡುಮಕ್ಕಳಿಗೆ ಬಿಟ್ಟುಕೊಟ್ಟು ಹೆಣ್ಣುಮಕ್ಕಳನ್ನು ಒಳಗೆ ಕರೆದುಕೊಂಡಿದ್ದೇವೆ. ಹೊರಗೆ ಏನನ್ನೂ ಸರಿಮಾಡುವ ಗೋಜಿಗೆ ಹೋಗದೆ, ಬಾಗಿಲು ಹಾಕಿಕೊಂಡು ನಿಶ್ಚಿಂತರಾಗಿದ್ದೇವೆ.

ನಮ್ಮ ಹೆಮ್ಮೆಯಿಂದಲೇ ಶುರುಮಾಡೋಣ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಕ್ಷರತೆ ನೂರಕ್ಕೆ 80 ದಾಟಿತ್ತು, ರಾಜ್ಯದ ಸರಾಸರಿ 75ರ ಆಸುಪಾಸಿನಲ್ಲಿತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದ ನೆಲ ಇದು. ಮರುವರ್ಷ ಶಾಂತವೇರಿ ಗೋಪಾಲಗೌಡರನ್ನು ಶಾಸನಸಭೆಗೆ ಕಳಿಸಿದ ನೆಲ. ಕನ್ನಡಕ್ಕೆ ದೊಡ್ಡ ಲೇಖಕರನ್ನು ಕೊಟ್ಟ ಕುಪ್ಪಳಿಯೂ ಮೇಳಿಗೆಯೂ ಇರುವುದು ಇಲ್ಲೇ. ಆದರೆ ಇದೇ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ಹನ್ನೆರಡನೇ ವಯಸ್ಸಿಗೇ ಮದುವೆಯಾಯಿತು, ಶಾಲೆ ಅಲ್ಲಿಗೇ ನಿಂತಿತು. ಅವರು ಕಾದಂಬರಿಕಾರ್ತಿಯಾಗಿ ಕನ್ನಡಿಗರಿಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಅವರ ‘ಫಣಿಯಮ್ಮ’ ಓದಿದವರಿಗೆ ಗೊತ್ತು, ಮನೆಯೆಂಬುದು ಒಬ್ಬ ಹೆಣ್ಣಿನ ಇಡೀ ಆಯುಷ್ಯವನ್ನು ನುಂಗಬಲ್ಲದು, ಅದೂ ಯಾರೂ ಕೈ ಎತ್ತದೆ, ಯಾರೂ ಬೈಯದೆ. ಆ ಕಾಲ ಹೋಯಿತು ಎನ್ನುತ್ತೀರಿ. ಹೋಗಿದೆ, ಆದರೆ ಪೂರ್ತಿ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅದಕ್ಕೆ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಸಂಖ್ಯೆ. ನಡುವೆ ರಾಜ್ಯ ಸರ್ಕಾರ ಕಾನೂನನ್ನೇ ತಿದ್ದಿ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದಿತ್ತು. ಸಂಖ್ಯೆ ಜರುಗಲಿಲ್ಲ. ಮಾರ್ಕ್ಸ್‌ಕಾರ್ಡಿನಲ್ಲಿ ತೊಂಬತ್ತು ಬಂದರೂ ಒಬ್ಬಳೇ ಪೇಟೆಗೆ ಹೋಗಿಬರಲು ಮೂವರ ಒಪ್ಪಿಗೆ ಬೇಕಾದರೆ, ಆ ಓದು ಅವಳಿಗೆ ಕೊಟ್ಟಿದ್ದು ಅಂಕವನ್ನಷ್ಟೇ.

ನಮ್ಮ ಊರುಗಳ ಒಂದು ಸಂಜೆಯನ್ನು ಹತ್ತಿರದಿಂದ ನೋಡಿ. ಐದು ಗಂಟೆಯ ಬಸ್ಸು ಕ್ರಾಸಿನಲ್ಲಿ ನಿಲ್ಲುತ್ತದೆ. ಹೈಸ್ಕೂಲಿನ ಮಕ್ಕಳು ಇಳಿಯುತ್ತಾರೆ. ಹುಡುಗರು ಅಲ್ಲೇ ಉಳಿಯುತ್ತಾರೆ. ತಂಗುದಾಣದ ಕಟ್ಟೆ ಅವರದು, ಗುಡಂಗಡಿಯ ಬೆಂಚು ಅವರದು, ಗದ್ದೆ ಬಯಲಿನ ವಾಲಿಬಾಲ್ ನೆಟ್ಟು ಅವರದು. ಗಣಪತಿ ಪೆಂಡಾಲು, ಯುವಕ ಸಂಘದ ಕೋಣೆ, ಟೂರ್ನಮೆಂಟಿನ ಚಂದಾಪಟ್ಟಿ ಎಲ್ಲವೂ ಅವರದೇ. ಹುಡುಗಿಯರು ಬ್ಯಾಗನ್ನು ಎದೆಗೊತ್ತಿಕೊಂಡು, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಮಲೆನಾಡಿನ ಮನೆಗಳು ಒತ್ತೊತ್ತಾಗಿಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ತೋಟದಾಚೆ, ಮತ್ತೊಂದು ಹಳ್ಳದಾಚೆ. ಮನೆ ಸೇರಿದ ಮೇಲೆ ಕೊಟ್ಟಿಗೆ ಕೆಲಸ, ಪಾತ್ರೆ, ತಮ್ಮನ ಹೋಂವರ್ಕು. ಕೊನೆ ಕೊಯ್ಲಿನ ಕಾಲವಾದರೆ ರಾತ್ರಿ ಮೆಟ್ಟುಗತ್ತಿಯ ಮುಂದೆ ಅಮ್ಮನ ಪಕ್ಕ ಕೂತು ಅಡಿಕೆ ಸುಲಿಯುವುದು. ಜೊತೆಯ ಹುಡುಗಿಯ ಮುಖ ಕಾಣುವುದು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ. ಭಾನುವಾರ ಅದೂ ಇಲ್ಲ. ಏಪ್ರಿಲ್, ಮೇ ಎರಡು ತಿಂಗಳು ಅದೂ ಇಲ್ಲ. ಆಗುಂಬೆ, ಹುಲಿಕಲ್ ಕಡೆ ಆಷಾಢದ ಮಳೆ ಹಿಡಿದು ಶಾಲೆಗೆ ರಜೆ ಕೊಟ್ಟರೆ ಅದೂ ಇಲ್ಲ.

ಹತ್ತನೇ ತರಗತಿಗೆ ಓದು ನಿಂತವಳಿಗೆ ಬಸ್ಸೂ ಇಲ್ಲ. ಅವಳು ಊರಿನಲ್ಲಿದ್ದಾಳೆ ಎನ್ನುವುದೇ ಊರಿಗೆ ಮರೆತುಹೋಗುತ್ತದೆ, ಮದುವೆಯ ಕರೆಯೋಲೆ ಬರುವವರೆಗೆ.

ಇಂಥ ಬಾಳಿಗೆ ‘ಮನೆಗಿಂತ ಸುರಕ್ಷಿತ ಜಾಗ ಯಾವುದಿದೆ’ ಎಂಬ ಸಮಾಧಾನ ಹೇಳುತ್ತೇವೆ. ಅಂಕಿಅಂಶ ಈ ಸಮಾಧಾನವನ್ನು ಒಪ್ಪುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಹೇಳುತ್ತಿರುವುದು ಇದನ್ನೇ: ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ಮನೆಯವನು, ನೆಂಟ, ನೆರೆಯವನು, ಮನೆಗೆ ಬಂದುಹೋಗುವವನು. ಕತ್ತಲ ರಸ್ತೆಯ ಅಪರಿಚಿತನಿಗೆ ಹೆದರಿ ನಾವು ಮಗಳನ್ನು ಪರಿಚಿತರ ನಡುವೆ ಒಂಟಿಯಾಗಿಸುತ್ತೇವೆ. ಎಲ್ಲ ಮನೆಗಳೂ ಹಾಗೆ ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಮನೆಗಳು ಒಳ್ಳೆಯ ಮನೆಗಳೇ. ಆದರೆ ಒಳ್ಳೆಯದಲ್ಲದ ಮನೆಯೊಳಗಿರುವ ಹುಡುಗಿ ಯಾರ ಹತ್ತಿರ ಹೇಳಬೇಕು? ಹೇಳುವುದಕ್ಕೆ ಮನೆಯ ಹೊರಗೆ ಒಬ್ಬಳು ಅಕ್ಕ ಬೇಕು, ಆ ಅಕ್ಕನ ಹತ್ತಿರ ಹೋಗುವುದಕ್ಕೆ ಯಾರಿಗೂ ಸಂಶಯ ಬಾರದ ಒಂದು ದಿನನಿತ್ಯದ ನೆಪ ಬೇಕು. ಮಕ್ಕಳ ಸಹಾಯವಾಣಿ 1098 ಇದೆ, ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇದೆ, ಪೋಕ್ಸೊ ಕಾಯ್ದೆ 2012ರಿಂದ ಇದೆ. ಇವೆಲ್ಲ ಬೇಕು. ಆದರೆ ಇವೆಲ್ಲ ಕೆಲಸ ಶುರುಮಾಡುವುದು ಅನಾಹುತ ಆದ ಮೇಲೆ. ಅದಕ್ಕೆ ಮೊದಲು ಅವಳಿಗೆ ಏನಿದೆ?

‘ಶಾಲೆ ಇದೆಯಲ್ಲ’ ಎನ್ನುತ್ತಾರೆ. ಶಾಲೆ ಪಾಠದ ಜಾಗ. ಗಂಟೆ ಹೊಡೆದರೆ ಮುಗಿಯಿತು, ಪರೀಕ್ಷೆ ಬಂದರೆ ಆಟವೂ ಮುಗಿಯಿತು. ‘ಮೊಬೈಲ್ ಇದೆಯಲ್ಲ’ ಎನ್ನುತ್ತಾರೆ. ಮೊಬೈಲು ಅಪ್ಪನದು, ಅಣ್ಣನದು. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿದ್ದನ್ನು ನಾಡೆಲ್ಲ ನೋಡಿದೆ. ಹಾಗೆ ಗುಡ್ಡ ಹತ್ತುವುದಕ್ಕೂ ಎಷ್ಟು ಮನೆಗಳಲ್ಲಿ ಮಗನಿಗೆ ಸಿಕ್ಕ ಒಪ್ಪಿಗೆ ಮಗಳಿಗೆ ಸಿಕ್ಕಿತು? ‘ಸರ್ಕಾರ ಎಷ್ಟೊಂದು ಮಾಡಿದೆ’ ಎನ್ನುತ್ತಾರೆ. ಮಾಡಿದೆ. 2006–07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂತು, ಕೊರೊನಾ ಬಂದಾಗ ನಿಂತಿತು. ಶುಚಿ ಯೋಜನೆಯ ಪ್ಯಾಡುಗಳು ಬಂದವು, ಕೆಲವು ವರ್ಷ ಬರಲೇ ಇಲ್ಲ, ಮತ್ತೆ ಬಂದವು. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂತು, ಆದರೆ ನಮ್ಮ ಒಳದಾರಿಗಳಲ್ಲಿ ಓಡುವ ಬಸ್ಸುಗಳು ಬಹುಪಾಲು ಖಾಸಗಿಯವರದು, ಟಿಕೆಟ್ಟಿಗೆ ದುಡ್ಡು ಎಣಿಸಲೇಬೇಕು. ಹದಿನಾಲ್ಕರಿಂದ ಹದಿನೆಂಟರ ಕಿಶೋರಿಯರಿಗೆಂದು ಕೇಂದ್ರ ಸರ್ಕಾರ ಇಟ್ಟಿರುವ ಯೋಜನೆ ಈಗ ಈಶಾನ್ಯ ರಾಜ್ಯಗಳಿಗೆ ಮತ್ತು ಹಿಂದುಳಿದವೆಂದು ಗುರುತಿಸಿದ ‘ಮಹತ್ವಾಕಾಂಕ್ಷಿ’ ಜಿಲ್ಲೆಗಳಿಗೆ ಸೀಮಿತ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು, ಯಾದಗಿರಿ. ಶಿವಮೊಗ್ಗ ಇಲ್ಲ. ಮುಂದುವರಿದ ಜಿಲ್ಲೆ ಎಂಬ ನಮ್ಮ ಹೆಮ್ಮೆಗೆ ನಮ್ಮ ಹೆಣ್ಣುಮಕ್ಕಳು ತೆರುತ್ತಿರುವ ಬೆಲೆ ಅದು.

ಸೈಕಲ್, ಪ್ಯಾಡು, ಬಸ್ಸು ಎಲ್ಲವನ್ನೂ ಒಬ್ಬೊಬ್ಬ ಹುಡುಗಿಗೆ ಬಿಡಿಬಿಡಿಯಾಗಿ ಕೊಟ್ಟಿದ್ದೇವೆ. ಹತ್ತು ಹುಡುಗಿಯರು ಒಟ್ಟಿಗೆ ಕೂರುವ ಒಂದು ಕೋಣೆಯನ್ನು ಮಾತ್ರ ಯಾರೂ ಕೊಟ್ಟಿಲ್ಲ. ಒಬ್ಬಳು ಕೇಳಿದರೆ ಹಟ, ಹತ್ತು ಮಂದಿ ಕೇಳಿದರೆ ಬೇಡಿಕೆ. ಕೋಣೆ ಬೇಕಾಗಿರುವುದು ಈ ಕಾರಣಕ್ಕೆ.

ಈಗ ಆಫ್ರಿಕಾದ ಮಾತಿಗೆ ಬರೋಣ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2008ರಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ಹದಿನಾಲ್ಕರಿಂದ ಇಪ್ಪತ್ತರ ಹುಡುಗಿಯರಿಗೆ ಕ್ಲಬ್ಬುಗಳನ್ನು ಶುರುಮಾಡಿತು. ಊರಲ್ಲೇ ಒಂದು ಕೋಣೆ, ವಾರಕ್ಕೆ ಐದು ಮಧ್ಯಾಹ್ನ ತೆರೆದಿರುತ್ತದೆ, ಅದೇ ಊರಿನ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ನಡೆಸುತ್ತಾಳೆ. ಆಟ, ಹಾಡು, ಹರಟೆ, ಜೊತೆಗೆ ದೇಹದ ತಿಳಿವಳಿಕೆ ಮತ್ತು ಒಂದು ಕಸುಬು. ಕ್ಲಬ್ ಇದ್ದ ಊರು, ಇಲ್ಲದ ಊರುಗಳನ್ನು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ನಾಲ್ಕು ವರ್ಷದ ಮೇಲೆ ಕ್ಲಬ್ ಇದ್ದ ಊರುಗಳಲ್ಲಿ ಹದಿಹರೆಯದ ಬಸಿರು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಸಿಯೆರಾ ಲಿಯೋನ್‌ನಲ್ಲಿ ಇಂಥವೇ ಕ್ಲಬ್ಬುಗಳು ಶುರುವಾಗುವ ಹೊತ್ತಿಗೆ 2014ರಲ್ಲಿ ಎಬೋಲಾ ಬಡಿಯಿತು, ಶಾಲೆಗಳು ಮುಚ್ಚಿದವು. ರೋಗದ ಕಾಟ ಹೆಚ್ಚಿದ್ದ, ಕ್ಲಬ್ ಇಲ್ಲದ ಊರುಗಳಲ್ಲಿ ಹುಡುಗಿಯರು ಬಸಿರಾದರು, ಶಾಲೆ ತೆರೆದಾಗ ಬಹಳ ಮಂದಿ ವಾಪಸ್ ಬರಲಿಲ್ಲ. ಕ್ಲಬ್ ಇದ್ದ ಊರುಗಳಲ್ಲಿ ಆ ಪೆಟ್ಟು ಗಣನೀಯವಾಗಿ ತಗ್ಗಿತ್ತು. ಶಾಲೆಯೊಂದನ್ನೇ ನಂಬಿದ ಹುಡುಗಿಗೆ ಶಾಲೆ ಮುಚ್ಚಿದ ದಿನ ಏನೂ ಉಳಿಯುವುದಿಲ್ಲ ಎಂಬುದನ್ನು ಅವರು ಎಬೋಲಾದಲ್ಲಿ ಕಂಡರು. ನಮಗೂ ಕೊರೊನಾ ಅದನ್ನೇ ತೋರಿಸಿತ್ತು, ನಾವು ಕಣ್ಣು ಮುಚ್ಚಿಕೊಂಡೆವು.

ಎಲ್ಲ ಕಡೆಯೂ ಇಷ್ಟು ಚೆನ್ನಾಗಿ ಆಗಿಲ್ಲ ಎಂಬುದನ್ನೂ ಹೇಳಬೇಕು. ಜಾಂಬಿಯಾದಲ್ಲಿ ವಾರಕ್ಕೊಂದು ಸಭೆಯಂತೆ ಎರಡು ವರ್ಷ ನಡೆಸಿದ ಇಂಥದೇ ಕಾರ್ಯಕ್ರಮ ಮದುವೆಯ, ಹೆರಿಗೆಯ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ತರಲಿಲ್ಲ. ವಿರೋಧಿಸುವವರು ಇದನ್ನು ಎತ್ತಿ ತೋರಿಸಬಹುದು. ನಾನು ಅದರಲ್ಲಿ ಕಾಣುವುದು ಬೇರೆ: ಎರಡು ವರ್ಷದ ಯೋಜನೆ ಬೇಡ, ಊರಿನ ಶಾಶ್ವತ ಜಾಗ ಬೇಕು. ದಾನಿಗಳ ಹಣ ಮುಗಿದ ದಿನ ಬೀಗ ಬೀಳುವ ಕೋಣೆಯನ್ನು ಯಾವ ಹುಡುಗಿಯೂ ತನ್ನದೆಂದು ನಂಬುವುದಿಲ್ಲ.

ಇನ್ನು, ಇದು ಆಫ್ರಿಕಾದಿಂದ ಎರವಲು ತಂದ ವಿಚಾರವೂ ಅಲ್ಲ. ಉಗಾಂಡಾಕ್ಕೆ ಹೋಗುವ ಮೊದಲು ಬ್ರ್ಯಾಕ್ ಇದನ್ನು 1990ರ ದಶಕದಲ್ಲೇ ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿತ್ತು. ನಮ್ಮ ಕರ್ನಾಟಕದಲ್ಲಿ 1989ರಲ್ಲೇ ಹಳ್ಳಿಯ ಹೆಂಗಸರನ್ನು ಸಂಘಟಿಸುವ ಮಹಿಳಾ ಸಮಖ್ಯ ಕಾರ್ಯಕ್ರಮ ಬಂತು. ಬೀದರ, ಬಿಜಾಪುರದಂಥ ಜಿಲ್ಲೆಗಳಲ್ಲಿ ದಲಿತ ಕೂಲಿ ಹೆಂಗಸರು ಪಂಚಾಯಿತಿಯ ಹತ್ತಿರ ಜಾಗ ಕೇಳಿ ಪಡೆದು ತಮ್ಮದೇ ‘ಸಂಘದ ಮನೆ’ ಕಟ್ಟಿಕೊಂಡರು. ಗಂಡನ ಹೆಸರಿನಲ್ಲಿಲ್ಲದ, ಮಾವನ ಹೆಸರಿನಲ್ಲಿಲ್ಲದ ಒಂದು ಸೂರು. ಕಿಶೋರಿಯರ ಸಂಘಗಳೂ ಅದರ ಜೊತೆಗೇ ಬೆಳೆದವು. ನಮ್ಮ ಘಟ್ಟ ಇಳಿದರೆ ಸಿಗುವ ಕುಂದಾಪುರ ಸೀಮೆಯಲ್ಲಿ ದುಡಿಯುವ ಮಕ್ಕಳ ಭೀಮ ಸಂಘವೂ ಮಕ್ಕಳ ಪಂಚಾಯಿತಿಗಳೂ 1990ರ ದಶಕದಲ್ಲೇ ಹುಟ್ಟಿದವು. ಹಿಂದುಳಿದವರೆಂದು ನಾವು ಕನಿಕರ ಪಡುವ ಊರುಗಳು ಮಾಡಿದ್ದನ್ನು ಮುಂದುವರಿದ ನಾವು ಮಾಡಿಲ್ಲ.

ಏಕೆ ಮಾಡಿಲ್ಲ? ಬಾಯಿಬಿಟ್ಟು ಹೇಳದ ಕಾರಣವೊಂದಿದೆ. ಹೆಣ್ಣುಮಕ್ಕಳು ಒಟ್ಟುಗೂಡಿದರೆ ‘ಹಾಳಾಗುತ್ತಾರೆ’ ಎಂಬ ಭಯ. ಆ ಭಯದ ತಳದಲ್ಲಿರುವುದು ಜಾತಿ. ಬ್ರಾಹ್ಮಣರ ಮನೆಯ, ಒಕ್ಕಲಿಗರ ಮನೆಯ, ದೀವರ ಮನೆಯ, ದಲಿತರ ಕೇರಿಯ, ಮುಸ್ಲಿಮರ ಮನೆಯ ಹುಡುಗಿಯರು ಒಂದೇ ಚಾಪೆಯ ಮೇಲೆ ಕೂತು ಒಂದೇ ಡಬ್ಬಿಯ ಉಪ್ಪಿಟ್ಟು ತಿಂದರೆ, ಒಬ್ಬಳ ಮನೆಯ ಕಟ್ಟುಪಾಡು ಇನ್ನೊಬ್ಬಳಿಗೆ ಗೊತ್ತಾಗುತ್ತದೆ. ‘ನಿಮ್ಮಲ್ಲಿ ಮುಟ್ಟಾದರೆ ಹೊರಗೆ ಕೂರಿಸುತ್ತಾರಾ?’ ಎಂದು ಒಬ್ಬಳು ಕೇಳುತ್ತಾಳೆ. ‘ನಿನ್ನ ಓದು ಯಾಕೆ ನಿಲ್ಲಿಸಿದರು?’ ಎಂದು ಇನ್ನೊಬ್ಬಳು ಕೇಳುತ್ತಾಳೆ. ಮನೆಯೊಳಗೆ ಪ್ರಶ್ನೆಯಾಗದಿದ್ದದ್ದು ಅಲ್ಲಿ ಪ್ರಶ್ನೆಯಾಗುತ್ತದೆ. ಮಗಳು ಯಾರನ್ನು ನೋಡುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ ಎಂಬ ಕಾವಲು ಅವಳ ಮೈಯ ಸುರಕ್ಷತೆಗಿಂತ ಮನೆತನದ ಮರ್ಯಾದೆಯ ಸುರಕ್ಷತೆಗಾಗಿ ನಡೆಯುತ್ತಿದೆ. ಎಲ್ಲೋ ಒಂದು ಹುಡುಗಿಗೆ ಅನ್ಯಾಯವಾದ ಸುದ್ದಿ ಬಂದಾಗ ನಮ್ಮ ಪೇಟೆಗಳಲ್ಲಿ ಬಂದ್ ಆಗುತ್ತದೆ, ಮೆರವಣಿಗೆ ಹೋಗುತ್ತದೆ, ಭಾಷಣ ಆಗುತ್ತದೆ. ಮರುದಿನ ನೂರಾರು ಮನೆಗಳಲ್ಲಿ ಬೇರೆ ಹುಡುಗಿಯರ ಟ್ಯೂಷನ್ನು ಬಿಡಿಸುತ್ತಾರೆ, ಫೋನು ಕಿತ್ತುಕೊಳ್ಳುತ್ತಾರೆ. ತಪ್ಪು ಮಾಡಿದವನು ಒಬ್ಬ, ಶಿಕ್ಷೆ ಊರಿನ ಹೆಣ್ಣುಮಕ್ಕಳಿಗೆಲ್ಲ. ಇದನ್ನು ನ್ಯಾಯ ಎನ್ನಲು ಬಾಯಿ ಹೇಗೆ ಬರುತ್ತದೆ?

ಪ್ರಗತಿಪರ ಗೆಳೆಯರು ಎತ್ತುವ ಆಕ್ಷೇಪವೂ ಒಂದಿದೆ: ಹುಡುಗಿಯರಿಗೆಂದೇ ಬೇರೆ ಜಾಗ ಮಾಡಿದರೆ ಗಂಡು ಹೆಣ್ಣಿನ ನಡುವಿನ ಗೋಡೆಯನ್ನು ನಾವೇ ಗಟ್ಟಿ ಮಾಡಿದಂತಲ್ಲವೇ? ಗೋಡೆ ಆಗಲೇ ಇದೆ. ಬಸ್ಸಿಳಿದ ಕ್ರಾಸಿನಲ್ಲಿ ಕಂಡದ್ದು ಅದೇ. ಕೈಯಲ್ಲಿ ಏನೂ ಇಲ್ಲದವರನ್ನು ಎಲ್ಲ ಇರುವವರ ಜಾಗಕ್ಕೆ ನೂಕಿ ‘ಹೋಗು, ಸಮಾನವಾಗಿರು’ ಎಂದರೆ ಅವರು ಮೂಲೆಯಲ್ಲಿ ನಿಲ್ಲುತ್ತಾರೆ. ಮೊದಲು ತಮ್ಮ ತಮ್ಮಲ್ಲಿ ದನಿ ಎತ್ತಿ ರೂಢಿಯಾಗಬೇಕು. ಭೀಮನಕೋಣೆಯ ಚರಕದಲ್ಲಿ ಇದನ್ನು ಕಾಣಬಹುದು. 1990ರ ದಶಕದಲ್ಲಿ ಹೆಗ್ಗೋಡಿನ ಪಕ್ಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹುಟ್ಟಿದ ಆ ಮಹಿಳಾ ಸಹಕಾರ ಸಂಘದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ನೇಯ್ಗೆ, ಬಣ್ಣ, ಹೊಲಿಗೆಯ ಕೆಲಸಕ್ಕೆ ಸೇರಿದರು. ಅಲ್ಲಿ ಸಿಕ್ಕಿದ್ದು ಸಂಬಳವಷ್ಟೇ ಅಲ್ಲ. ದಿನಾ ಮನೆಯಿಂದ ಹೊರಬೀಳುವ ಹಕ್ಕು ಸಿಕ್ಕಿತು, ಹೊರಬಿದ್ದು ಸೇರುವುದಕ್ಕೆ ತಮ್ಮದೇ ಜಾಗ ಸಿಕ್ಕಿತು. ಕೂಲಿಗೆ ಹೋಗುವ ವಯಸ್ಸು ಬರುವವರೆಗೆ ಆ ಹಕ್ಕಿಗೆ ಕಾಯಬೇಕೆಂದು ಹದಿಮೂರರ ಹುಡುಗಿಗೆ ಏಕೆ ಹೇಳಬೇಕು?

ಕೊನೆಯ ಆಕ್ಷೇಪ ದುಡ್ಡಿನದು. ಸಣ್ಣ ಊರು, ಎಲ್ಲಿಂದ ತರುವುದು ಎಂದು ಕೇಳುತ್ತಾರೆ. ಸಣ್ಣ ಊರಿನ ನೆಪವನ್ನು ಸಾಗರ ತಾಲ್ಲೂಕಿನವರು ಹೇಳಲೇಬಾರದು. ಹೆಗ್ಗೋಡಿನಂಥ ಸಣ್ಣ ಊರು 1949ರಲ್ಲಿ ನೀನಾಸಂ ಎಂಬ ನಾಟಕ ಸಂಘ ಕಟ್ಟಿತು, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಕಟ್ಟಿತು, ಹೊರಜಗತ್ತಿನ ನಾಟಕವನ್ನೂ ಸಿನಿಮಾವನ್ನೂ ಅಡಿಕೆ ತೋಟದ ನಡುವಿಗೆ ತಂದಿತು. ಈಗ ಕೇಳುತ್ತಿರುವುದು ರಂಗಮಂದಿರವನ್ನಲ್ಲ, ಒಂದು ಕೋಣೆಯನ್ನು. ಅದನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಮಕ್ಕಳಿಲ್ಲವೆಂದು ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಗಳು ನಮ್ಮ ಮೂರೂ ತಾಲ್ಲೂಕುಗಳಲ್ಲಿವೆ. ಹೆಂಚು ಜಾರಿ, ಜಗಲಿಯ ಮೇಲೆ ದರಗು ತುಂಬಿ, ಗೋಡೆಯ ಮೇಲಿನ ಕರ್ನಾಟಕದ ನಕಾಶೆ ಪಾಚಿ ಹಿಡಿದು ನಿಂತಿದ್ದರೂ ಎಷ್ಟೋ ಕಡೆ ಗೋಡೆ ಗಟ್ಟಿಯಾಗಿದೆ, ಬಾವಿ ಇದೆ, ಆಟದ ಬಯಲಿದೆ. ಶಾಲೆ ಇಲ್ಲದ ಕಡೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಈ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಕೆಲವು ಕಡೆ ಚೆಂದವಾಗಿಯೂ ಆಗಿವೆ. ಸಂಜೆ ಹೊತ್ತು ಅಲ್ಲಿ ಪೇಪರು ಓದುತ್ತ ಕೂರುವವರು ಗಂಡಸರು ಮಾತ್ರ ಆಗಿರಬೇಕೆಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಕೂಲಿಕಾರರ ಮಕ್ಕಳಿಗೆ ಪಂಚಾಯಿತಿಗಳು ‘ಕೂಸಿನ ಮನೆ’ ತೆರೆದಿವೆ. ಕೂಸಿಗೆ ಮನೆ ಮಾಡಬಲ್ಲ ಪಂಚಾಯಿತಿ ಕೂಸಿನ ಅಕ್ಕನಿಗೂ ಮಾಡಬಲ್ಲದು.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟ. ಪ್ರತಿ ಗ್ರಾಮ ಪಂಚಾಯಿತಿಯೂ ಒಂದು ಕೋಣೆಯನ್ನು ಹತ್ತರಿಂದ ಹತ್ತೊಂಬತ್ತರ ಹೆಣ್ಣುಮಕ್ಕಳಿಗೆಂದು ಠರಾವು ಮಾಡಿ ಬರೆದಿಡಬೇಕು. ವಾರದಲ್ಲಿ ಕನಿಷ್ಠ ನಾಲ್ಕು ಸಂಜೆ, ಭಾನುವಾರ ಮತ್ತು ರಜೆಯಲ್ಲಿ ಹಗಲು, ಅದು ತೆರೆದಿರಬೇಕು. ನೀರಿರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಇರಬೇಕು. ಡಿಗ್ರಿ ಮುಗಿಸಿ ಊರಲ್ಲೇ ಉಳಿದ ಹೆಣ್ಣುಮಕ್ಕಳು ಎಲ್ಲ ಕಡೆ ಇದ್ದಾರೆ. ಅವರಲ್ಲಿ ಒಬ್ಬಳಿಗೆ ತಿಂಗಳ ಸಂಬಳ ಕೊಟ್ಟು ಅಕ್ಕನಾಗಿ ನೇಮಿಸಬೇಕು. ಸೇವೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಬಾರದು. ಉಪದೇಶ ಮಾಡುವವರನ್ನು ಅಲ್ಲಿಗೆ ಕರೆಯಬಾರದು. ಏನು ಆಡಬೇಕು, ಏನು ಓದಬೇಕು, ಯಾರನ್ನು ಕರೆಸಬೇಕು ಎಂಬುದನ್ನು ಹುಡುಗಿಯರ ಸಮಿತಿಯೇ ತೀರ್ಮಾನಿಸಬೇಕು. ಹೊರಗಿನ ಬಯಲಿನಲ್ಲಿ ವಾರಕ್ಕೆರಡು ದಿನ ವಾಲಿಬಾಲ್ ನೆಟ್ಟು ಅವರದಾಗಬೇಕು. ಕತ್ತಲಾಗುವ ಮೊದಲು ಮನೆ ಸೇರಲು ಬಸ್ಸು, ದಾರಿದೀಪ, ಹಳ್ಳ ದಾಟಲು ಗಟ್ಟಿಯಾದ ಕಾಲುಸಂಕ ಇರಬೇಕು. ಮಳೆಗಾಲದಲ್ಲಿ ಕಾಲುಸಂಕದಿಂದ ಜಾರಿ ಮಕ್ಕಳು ಕೊಚ್ಚಿಹೋದ ಮೇಲೆ ಸೇತುವೆ ಮಂಜೂರು ಮಾಡುವುದು ನಮ್ಮ ಸಂಪ್ರದಾಯ. ಈ ಕೋಣೆಯ ವಿಚಾರದಲ್ಲೂ ಒಂದು ಸಾವಿಗಾಗಿ ಕಾಯುವುದು ಬೇಡ.

ಇದನ್ನು ಮಾಡಬೇಕಾದವರು ಯಾರೆಂಬುದೂ ಸ್ಪಷ್ಟ. ನಮ್ಮ ಪಂಚಾಯಿತಿಗಳ ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಆ ಸದಸ್ಯೆಯರು ಒಮ್ಮೆ ಇದೇ ಊರಿನ, ಇಲ್ಲವೇ ಇಂಥದೇ ಊರಿನ ಹದಿಮೂರರ ಹುಡುಗಿಯರಾಗಿದ್ದವರು. ತಮಗೆ ಏನು ಸಿಗಲಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯಲೇಬೇಕೆಂಬ ಆದೇಶವಿದೆ, ಫೋಟೊ ತೆಗೆದು ಮುಗಿಸುವ ಬದಲು ಈ ಬಾರಿ ಆ ಸಭೆಯಲ್ಲಿ ಈ ಒಂದೇ ವಿಷಯವನ್ನು ಎತ್ತಿಕೊಳ್ಳಿ. ಎದ್ದು ನಿಂತು ಮಾತಾಡುವ ಮೊದಲ ಹುಡುಗಿಯ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ತಂದೆತಾಯಿಯರಿಗೆ ನನ್ನ ಮಾತು ಇಷ್ಟೇ: ಮಗಳನ್ನು ಕಾಯುವುದೆಂದರೆ ಅವಳನ್ನು ಒಳಗೆ ಇಟ್ಟುಕೊಳ್ಳುವುದಲ್ಲ, ಅವಳು ನಿರ್ಭಯವಾಗಿ ಹೋಗಿಬರುವಂತೆ ಊರನ್ನು ಸರಿಮಾಡುವುದು. ಊರು ಅವಳದೂ ಹೌದು. ಅವಳ ಪಾಲನ್ನು ಅವಳಿಗೆ ಬಿಟ್ಟುಕೊಡಿ, ಈ ವರ್ಷವೇ ಬಿಟ್ಟುಕೊಡಿ.